ಸಕಲೇಶಪುರದ ಆನೆಗೆ ಕ್ಯಾನ್ಸರ್ ಯಾಕೆ ಅಪರೂಪ?

ನಮ್ಮ ಸಕಲೇಶಪುರ, ಆಲೂರು ಕಡೆ ಆನೆ ಸತ್ತ ಸುದ್ದಿ ಬಂದರೆ ಕಾರಣವನ್ನು ಜನ ಮೊದಲೇ ಊಹಿಸಿಬಿಡುತ್ತಾರೆ. ಕರೆಂಟ್ ಹೊಡೆದಿರಬೇಕು, ಇಲ್ಲಾ ಗುಂಡೇಟು, ಇಲ್ಲಾ ಎರಡು ಸಲಗಗಳ ಕಾದಾಟ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರಿನಲ್ಲಿ ಯಸಳೂರು ಹತ್ತಿರ ಸತ್ತಿದ್ದೂ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ. ಆದರೆ ಕ್ಯಾನ್ಸರ್ ಬಂದು ಆನೆ ಸತ್ತಿತು ಅಂತ ಯಾವತ್ತಾದರೂ ಕೇಳಿದ್ದೀರಾ?

ಕಾಡಲ್ಲಿ ಸತ್ತ ಆನೆಯ ಹೊಟ್ಟೆಯೊಳಗೆ ಗಡ್ಡೆ ಇತ್ತೋ ಇಲ್ಲವೋ ಅಂತ ಯಾರು ನೋಡ್ತಾರೆ ಅನ್ನಬಹುದು. ನ್ಯಾಯವಾದ ಮಾತು. ಅದಕ್ಕೇ ಅಮೆರಿಕದ ಯೂಟಾದಲ್ಲಿ ಮಕ್ಕಳ ಕ್ಯಾನ್ಸರ್ ವೈದ್ಯರಾಗಿದ್ದ ಜೋಶುವಾ ಶಿಫ್‌ಮನ್ ಮತ್ತು ಅವರ ತಂಡದವರು ಸಾಕಿದ ಆನೆಗಳ ದಾಖಲೆ ಹಿಡಿದು ಕೂತರು. 2015ರಲ್ಲಿ ಬಂದ ಅವರ ಅಧ್ಯಯನದಲ್ಲಿ 644 ಆನೆಗಳ ಸಾವಿನ ವಿವರ ಇದೆ. ಅದರಲ್ಲಿ ಕ್ಯಾನ್ಸರ್‌ನಿಂದ ಸತ್ತವು ನೂರಕ್ಕೆ ಐದರ ಒಳಗೆ. ಮನುಷ್ಯರಲ್ಲಿ ಈ ಲೆಕ್ಕ ನೂರಕ್ಕೆ 11ರಿಂದ 25.

ಇದು ವಿಚಿತ್ರ, ಯಾಕೆಂದರೆ ಲೆಕ್ಕ ಉಲ್ಟಾ ಇರಬೇಕಿತ್ತು. ನಮ್ಮ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಒಂದು ಜೀವಕೋಶ ಎರಡಾಗುವಾಗ ಅದರ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಬೇಕು, ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಉಳಿಯುತ್ತದೆ, ಆ ತಪ್ಪು ಬೆಳವಣಿಗೆಗೆ ಸಂಬಂಧಪಟ್ಟ ಜೀನ್‌ನಲ್ಲೇ ಆದರೆ ಕಷ್ಟ. ಆನೆಗೆ ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಜೀವಕೋಶ, ಆಯಸ್ಸೂ ಅರವತ್ತು ಎಪ್ಪತ್ತು ವರ್ಷ. ಅಂದಮೇಲೆ ತಪ್ಪುಗಳೂ ಜಾಸ್ತಿ, ಕ್ಯಾನ್ಸರೂ ಜಾಸ್ತಿ ಆಗಬೇಕಲ್ವಾ? ದೊಡ್ಡ ಪ್ರಾಣಿಗಳಿಗೆ ಹಾಗೆ ಆಗುತ್ತಿಲ್ಲವಲ್ಲ ಅಂತ ರಿಚರ್ಡ್ ಪೀಟೊ ಎಂಬ ಇಂಗ್ಲೆಂಡಿನ ವಿಜ್ಞಾನಿ 1970ರ ದಶಕದಲ್ಲೇ ಕೇಳಿದ್ದರು.

ಆನೆಯ ಮಟ್ಟಿಗೆ ಉತ್ತರದ ಒಂದು ದೊಡ್ಡ ಪಾಲು ಟಿಪಿ53 ಎಂಬ ಜೀನ್‌ನಲ್ಲಿದೆ. ಈ ಜೀನ್ ಪಿ53 ಎಂಬ ಪ್ರೊಟೀನ್ ತಯಾರಿಸುತ್ತದೆ. 1979ರಲ್ಲಿ ಇದು ಸಿಕ್ಕಾಗ ಇದೇ ಕ್ಯಾನ್ಸರ್ ತರುವ ಖಳನಾಯಕ ಅಂದುಕೊಂಡಿದ್ದರು. ಇದು ಕ್ಯಾನ್ಸರ್ ತಡೆಯುವ ಜೀನ್ ಅಂತ ಖಾತ್ರಿಯಾಗಲು ಹತ್ತು ವರ್ಷ ಬೇಕಾಯಿತು.

ಅದರ ಕೆಲಸ ನೋಡಿ. ಎಲ್ಲ ಸರಿಯಿರುವಾಗ ಜೀವಕೋಶ ಪಿ53 ತಯಾರಿಸುತ್ತಲೇ ಇರುತ್ತದೆ, ಎಂಡಿಎಂ2 ಎಂಬ ಇನ್ನೊಂದು ಪ್ರೊಟೀನ್ ಅದನ್ನು ಹಾಳು ಮಾಡಿಸುತ್ತಲೇ ಇರುತ್ತದೆ. ಹುಚ್ಚಾಟ ಅನ್ನಿಸುತ್ತದೆ, ಆದರೆ ಇದರಿಂದ ಒಂದು ಲಾಭ ಇದೆ. ಡಿಎನ್‌ಎ ಎಲ್ಲಾದರೂ ತುಂಡಾದರೆ ಈ ಹಾಳು ಮಾಡುವ ಕೆಲಸ ನಿಲ್ಲುತ್ತದೆ, ಹೊಸದಾಗಿ ಏನೂ ಶುರು ಮಾಡದೆ ಪಿ53 ತಾನಾಗಿ ತುಂಬಿಕೊಳ್ಳುತ್ತದೆ. ತುಂಬಿಕೊಂಡ ಪಿ53 ಮೊದಲು ಕೋಶ ಎರಡಾಗುವುದನ್ನು ತಡೆಯುತ್ತದೆ. ಅಷ್ಟರಲ್ಲಿ ರಿಪೇರಿ ಆದರೆ ಆಯಿತು. ಆಗದಿದ್ದರೆ ಕೋಶಕ್ಕೆ ಸಾಯುವ ಆಜ್ಞೆ ಹೋಗುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಸೋರುತ್ತದೆ, ಕೋಶ ತನ್ನನ್ನು ತಾನೇ ಒಳಗಿಂದ ಕತ್ತರಿಸಿಕೊಂಡು ಸಾಯುತ್ತದೆ.

ನಮಗೆ ಟಿಪಿ53 ಒಂದೇ ಜೋಡಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಆಫ್ರಿಕಾದ ಆನೆಗೆ ಇಂಥ ಸುಮಾರು ಇಪ್ಪತ್ತು ಜೋಡಿ, ನಮ್ಮ ಏಷ್ಯಾದ ಆನೆಗೆ 15ರಿಂದ 20. ಮೂಲ ಜೀನ್ ಒಂದೇ, ಉಳಿದವು ವಿಕಾಸದ ದಾರಿಯಲ್ಲಿ ಸೇರಿಕೊಂಡ ನಕಲುಗಳು. ಶಿಫ್‌ಮನ್ ತಂಡ ಝೂ ಮತ್ತು ಸರ್ಕಸ್ ಆನೆಗಳ ರಕ್ತ ತಂದು, ಅದರ ಬಿಳಿ ರಕ್ತಕಣಗಳಿಗೆ ವಿಕಿರಣ ಕೊಟ್ಟು ಡಿಎನ್‌ಎ ಹಾಳು ಮಾಡಿತು. ಮನುಷ್ಯರ ಕಣಗಳಿಗೂ ಅದೇ ಪ್ರಮಾಣ. ಆನೆಯ ಕಣಗಳು ಸುಮಾರು ಎರಡು ಪಟ್ಟು ಸತ್ತವು. ಹುಟ್ಟಿನಿಂದಲೇ ಒಂದು ಟಿಪಿ53 ಕೆಟ್ಟಿರುವ ಮನುಷ್ಯರಿದ್ದಾರೆ, ಅದಕ್ಕೆ ಲೀ-ಫ್ರೌಮೆನಿ ಸಿಂಡ್ರೋಮ್ ಅನ್ನುತ್ತಾರೆ, ಅವರಿಗೆ ಚಿಕ್ಕ ವಯಸ್ಸಿನಲ್ಲೇ ಒಂದರ ಮೇಲೊಂದು ಕ್ಯಾನ್ಸರ್ ಬರುವ ಅಪಾಯ ತುಂಬಾ ಜಾಸ್ತಿ. ಅವರ ಕಣಗಳು ಸತ್ತಿದ್ದು ಎಲ್ಲರಿಗಿಂತ ಕಡಿಮೆ.

ಗಮನಿಸಿ, ಆನೆ ತಪ್ಪನ್ನು ನಮಗಿಂತ ಚೆನ್ನಾಗಿ ತಿದ್ದುತ್ತದೆ ಅಂತ ಇಲ್ಲಿ ಕಂಡುಬರಲಿಲ್ಲ. ಅನುಮಾನ ಬಂದ ಕೋಶವನ್ನು ಅದು ಬೇಗ ಕೊಂದು ಹಾಕುತ್ತದೆ, ಅಷ್ಟೇ. ಸಾಯಲು ಒಪ್ಪದ ಕೋಶ ಅಂದರೆ ಮೈಗೆ ಕಷ್ಟ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಟಿಪಿ53 ಕೆಟ್ಟಿರುತ್ತದೆ.

ಕೆಡುವುದು ಹೇಗೆ? ಬೀಡಿ ಸಿಗರೇಟು ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಸ್ತು ಇದೆ. ದೇಹ ಅದನ್ನು ಹೊರಹಾಕಲು ಹೋಗಿ ಬೇರೆ ರೂಪಕ್ಕೆ ತಿರುಗಿಸುತ್ತದೆ, ಆ ರೂಪ ಡಿಎನ್‌ಎ ಬರಹದ ನಾಲ್ಕು ಅಕ್ಷರಗಳಲ್ಲಿ ಒಂದಾದ 'ಜಿ'ಗೆ ಅಂಟಿಕೊಳ್ಳುತ್ತದೆ. ಮುಂದಿನ ನಕಲಿನಲ್ಲಿ ಅಲ್ಲಿ 'ಟಿ' ಬಂದು ಕೂರುತ್ತದೆ. 1996ರಲ್ಲಿ ಗೊತ್ತಾಗಿದ್ದೇನೆಂದರೆ, ಟಿಪಿ53ರಲ್ಲಿ ಈ ವಸ್ತು ಜಾಸ್ತಿ ಅಂಟುವ ಜಾಗಗಳೂ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪದೇ ಪದೇ ಕೆಟ್ಟಿರುವ ಜಾಗಗಳೂ ಒಂದೇ. ದಿನಕ್ಕೊಂದು ಪ್ಯಾಕ್ ಸೇದಿದರೆ ವರ್ಷಕ್ಕೆ ಶ್ವಾಸಕೋಶದ ಒಂದೊಂದು ಕೋಶದಲ್ಲೂ ಸುಮಾರು 150 ಹೊಸ ತಪ್ಪುಗಳು ಸೇರುತ್ತವೆ ಅಂತ 2016ರಲ್ಲಿ ಲೆಕ್ಕ ಹಾಕಿದ್ದಾರೆ.

ಇನ್ನು ಅಡಿಕೆ. ತರೀಕೆರೆ, ಕೊಪ್ಪ ಕಡೆಯವರು ನನ್ನನ್ನು ಬೈಯಬಹುದು, ಆದರೂ ಹೇಳಲೇಬೇಕು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪಟ್ಟಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತುವಿನಿಂದ ಕೆನ್ನೆಯ ಒಳಪದರದ ಕೆಳಗೆ ಕೊಲಾಜನ್ ನಾರು ಕಟ್ಟುತ್ತಾ ಹೋಗುತ್ತದೆ. ಕೆನ್ನೆ ಒಳಗಿಂದ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಖಾರ ತಿಂದರೆ ಉರಿ, ಕೊನೆಗೆ ಬಾಯಿಯೊಳಗೆ ಎರಡು ಬೆರಳು ಹೋಗುವುದೂ ಕಷ್ಟ. ಇದೇ ಇನ್ನೂ ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಹಾಗಾದರೆ ನಮಗೂ ನಾಲ್ಕು ಟಿಪಿ53 ಜಾಸ್ತಿ ಹಾಕಿಬಿಟ್ಟರೆ? ಇಲಿಗಳಲ್ಲಿ ನೋಡಿದ್ದಾರೆ. 2002ರಲ್ಲಿ ಎರಡು ಪ್ರಯೋಗಗಳು ಬಂದವು. ಒಂದರಲ್ಲಿ ಪಿ53 ಸದಾ ಚುರುಕಾಗಿರುವಂತಾಯಿತು. ಇಲಿಗಳಿಗೆ ಕ್ಯಾನ್ಸರ್ ಕಡಿಮೆಯಾಯಿತು ನಿಜ, ಆದರೆ ಬೇಗ ಮುದುಕಾದವು, ಮೂಳೆ ಸವೆದು ಬೆನ್ನು ಬಾಗಿತು. ಇನ್ನೊಂದರಲ್ಲಿ ಜೀನ್ ಜೊತೆಗೆ ಅದನ್ನು ಹಿಡಿತದಲ್ಲಿಡುವ ಭಾಗವನ್ನೂ ಹಾಗೇ ಉಳಿಸಿ ಒಂದು ನಕಲು ಹೆಚ್ಚಿಗೆ ಕೊಟ್ಟರು. ಅವಕ್ಕೆ ಕ್ಯಾನ್ಸರ್ ಕಡಿಮೆ, ಮುಪ್ಪೂ ಸರಿಯಾದ ಸಮಯಕ್ಕೇ ಬಂತು. ಯಾವಾಗ ಸುಮ್ನೆ ಇರಬೇಕು ಅನ್ನುವುದೂ ಪಿ53ಗೆ ಗೊತ್ತಿರಬೇಕು.

ಇಷ್ಟೆಲ್ಲ ಗಡ್ಡೆ ಹುಟ್ಟುವ ಕಥೆ. ಜನ ಜಾಸ್ತಿ ಸಾಯುವುದು ಅದು ಹರಡಿದಾಗ. ಹರಡುವುದು ಅಷ್ಟು ಸುಲಭವೂ ಅಲ್ಲ. ಚರ್ಮ, ಬಾಯಿ, ಕರುಳಿನ ಪದರದ ಕೋಶಗಳು ಇ-ಕಡ್ಹೆರಿನ್ ಎಂಬ ಪ್ರೊಟೀನ್‌ನಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕ್ಯಾನ್ಸರ್ ಕೋಶ ಎಷ್ಟೋ ಸಲ ಈ ಹಿಡಿತ ಬಿಡುತ್ತದೆ, ಕಿಣ್ವಗಳಿಂದ ಕೆಳಗಿನ ಪೊರೆ ಕರಗಿಸುತ್ತದೆ, ರಕ್ತನಾಳಕ್ಕೆ ನುಗ್ಗುತ್ತದೆ. ಅಲ್ಲಿ ಹರಿವಿನ ರಭಸಕ್ಕೆ, ರೋಗನಿರೋಧಕ ಕಣಗಳ ದಾಳಿಗೆ ಹೆಚ್ಚಿನವು ಸಾಯುತ್ತವೆ. ಕೆಲವು ಪ್ಲೇಟ್‌ಲೆಟ್‌ಗಳನ್ನು ಮೈಗೆ ಮೆತ್ತಿಕೊಂಡು ಬದುಕಿಕೊಳ್ಳುತ್ತವೆ. ಇಲಿಗಳ ಪ್ರಯೋಗದಲ್ಲಿ ರಕ್ತ ಸೇರಿದ ಹತ್ತು ಸಾವಿರ ಕೋಶಗಳಲ್ಲಿ ಒಂದು ಹೊಸ ಗಡ್ಡೆ ಕಟ್ಟಿದರೂ ಅದೇ ಹೆಚ್ಚು.

ಆ ಒಂದು ಎಲ್ಲಿ ಬೇರೂರುತ್ತದೆ? 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಹೆಂಗಸರ ದಾಖಲೆ ನೋಡಿದರು. ಲಿವರಿನಲ್ಲಿ ಗಡ್ಡೆ ಬಹಳ, ಗುಲ್ಮದಲ್ಲಿ ತೀರಾ ಕಡಿಮೆ, ರಕ್ತ ಮಾತ್ರ ಎರಡಕ್ಕೂ ಚೆನ್ನಾಗಿಯೇ ಹೋಗುತ್ತದೆ. ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಲ್ಲಿ ಮಾತ್ರ ಏಳುತ್ತದೆ ಅಂದರು ಅವರು. ಬಾಬಾಬುಡನ್‌ಗಿರಿಯ ಎತ್ತರದಲ್ಲಿ ಸೊಗಸಾಗಿ ಬರುವ ಅರೇಬಿಕಾವನ್ನು ಕೆಳಗಿನ ಬಿಸಿಲಿಗೆ ತಂದು ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಕ್ತದ ದಾರಿಯೂ ಲೆಕ್ಕಕ್ಕೆ ಬರುತ್ತದೆ ಅನ್ನಿ. ಕರುಳಿನ ರಕ್ತ ನೇರ ಲಿವರಿಗೆ ಹೋಗುತ್ತದೆ, ಕರುಳಿನ ಕ್ಯಾನ್ಸರೂ ಹಾಗೆಯೇ ಲಿವರಿಗೆ ಹೋಗುವುದು ಜಾಸ್ತಿ.

ಇಳಿದ ಕೋಶ ತಕ್ಷಣ ಬೆಳೆಯಲೇಬೇಕು ಅಂತಿಲ್ಲ. ಮೂಳೆ ಮಜ್ಜೆಯಲ್ಲಿ ಎರಡಾಗದೆ ವರ್ಷಗಟ್ಟಲೆ ಸುಮ್ನೆ ಕೂರಬಲ್ಲದು. ಹೆಚ್ಚಿನ ಕೀಮೋ ಔಷಧಿಗಳು ಹೊಡೆಯುವುದು ಎರಡಾಗುತ್ತಿರುವ ಕೋಶಗಳನ್ನು, ಕೂತ ಕೋಶ ತಪ್ಪಿಸಿಕೊಳ್ಳುತ್ತದೆ. ಈಸ್ಟ್ರೊಜನ್ ಹಾರ್ಮೋನ್‌ಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರ್ ಇಪ್ಪತ್ತು ವರ್ಷದ ನಂತರವೂ ಮರುಕಳಿಸಿದ್ದಿದೆ. ಆಪರೇಷನ್ ಆಯಿತು, ಕೀಮೋ ಆಯಿತು, ಎಲ್ಲ ಚೆನ್ನಾಗಿದೆ, ಆದರೂ ಬೆಂಗಳೂರಿಗೆ ಚೆಕಪ್‌ಗೆ ಬನ್ನಿ ಅಂತ ಡಾಕ್ಟರು ವರ್ಷ ವರ್ಷ ಕರೆಯುವುದು ಈ ಕೂತ ಕೋಶಗಳ ಲೆಕ್ಕಕ್ಕೇ.