‘ಗಿಡಮೂಲಿಕೆ ತಾನೇ, ಏನೂ ಆಗಲ್ಲ ಅಲ್ವಾ?’

ಪ್ರಶ್ನೆ: ಹೊರದೇಶದಲ್ಲಿರುವ ಅತ್ತಿಗೆ ತೂಕ ಇಳಿಸುವ ಚೀನಾದ ಮಾತ್ರೆ ತಂದುಕೊಟ್ಟಿದ್ದಾರೆ. ಚೀಟಿಯಲ್ಲಿ ‘ಫಾಂಗ್ ಜಿ’ ಅಂತಿದೆ. ಬರೀ ಬೇರಿನ ಪುಡಿಯಂತೆ. ತಗೊಳ್ಳಬಹುದಾ?

ಬೇಡ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಬರೆಯುತ್ತೇನೆ, ಕಿಡ್ನಿ ಹೋದ ಮೇಲೆ ಬರೆದು ಪ್ರಯೋಜನವಿಲ್ಲ.

ಫಾಂಗ್ ಜಿ ಒಂದೇ ಗಿಡದ ಹೆಸರಲ್ಲ. ಹಾನ್ ಫಾಂಗ್ ಜಿ ಒಂದು ಬಳ್ಳಿಯ ಬೇರು, ಗುವಾಂಗ್ ಫಾಂಗ್ ಜಿ ಬೇರೆಯದೇ ಬಳ್ಳಿಯದು. ಎರಡನೆಯದರಲ್ಲಿ ಆರಿಸ್ಟೊಲೋಕಿಕ್ ಆಸಿಡ್ ಇದೆ, ಕಿಡ್ನಿ ಕೆಡಿಸಿ ಕ್ಯಾನ್ಸರ್ ತರುವ ವಿಷ ಅದು. ಪುಡಿ ಮಾಡಿದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. 1990ರ ಸುಮಾರಿಗೆ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್‌ಗೆ ಮೊದಲನೆಯದರ ಬದಲು ಎರಡನೆಯದು ಸೇರಿಹೋಯಿತು. ನೂರಕ್ಕೂ ಹೆಚ್ಚು ಮಂದಿಯ ಕಿಡ್ನಿ ಕೆಟ್ಟಿತು, ಹೆಚ್ಚಿನವರು ಹೆಂಗಸರು. ಕೆಟ್ಟ ಕಿಡ್ನಿ, ಮೂತ್ರನಾಳ ತೆಗೆಸಿಕೊಂಡ 39 ಮಂದಿಯನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು.

ಇಷ್ಟು ಹೇಳಿದರೂ ಒಂದು ಮಾತು ಬಂದೇ ಬರುತ್ತದೆ: ‘ಸಾವಿರಾರು ವರ್ಷದಿಂದ ಬಳಸ್ತಿದ್ದಾರೆ, ಅಪಾಯ ಇದ್ದಿದ್ರೆ ಗೊತ್ತಾಗ್ತಿರಲಿಲ್ವಾ?’

ಗೊತ್ತಾಗುತ್ತಿರಲಿಲ್ಲ. ಇದನ್ನು ನಿಧಾನವಾಗಿ ಓದಿ. ತಿಂದ ತಕ್ಷಣ ವಾಂತಿಯಾದರೆ ಯಾವ ಸೊಪ್ಪಿನಿಂದ ಎಂದು ಅಜ್ಜಿ ಹೇಳುತ್ತಾರೆ. ಕಾಸರಕನ ಬೀಜ ವಿಷವೆಂದು ಊರಿಗೆಲ್ಲ ಗೊತ್ತು, ಅದು ಅವತ್ತೇ ಕೊಲ್ಲುತ್ತದೆ. ಕಿಡ್ನಿ ಹಾಗಲ್ಲ. ನೋವೇ ಇಲ್ಲದೆ ಸುಮ್ನೆ ಸವೆಯುತ್ತದೆ. ಕ್ಯಾನ್ಸರ್ ಬರುವುದು ಇನ್ನೂ ವರ್ಷಗಳ ನಂತರ. ಕಾಲು ಊದಿಕೊಂಡು ಕೂತವರಿಗೆ ಯಾವಾಗಲೋ ಕುಡಿದ ಕಷಾಯ ನೆನಪಾಗುತ್ತದೆಯೇ? ಕೊಟ್ಟ ವೈದ್ಯರಿಗೂ ಹೊಳೆಯುವುದಿಲ್ಲ, ಅವರ ಕಣ್ಣಲ್ಲಿ ಆ ರೋಗಿ ವಾಸಿಯಾಗಿ ಹೋದವರು. ಯುರೋಪಿನ ಡಾನ್ಯೂಬ್ ನದಿಯ ಉಪನದಿಗಳ ದಂಡೆಯ ಬಾಲ್ಕನ್ ಹಳ್ಳಿಗಳಲ್ಲಿ ಗುವಾಂಗ್ ಫಾಂಗ್ ಜಿಯ ಕುಲದ್ದೇ ಒಂದು ಕಳೆಗಿಡ ಗೋಧಿ ಹೊಲದಲ್ಲಿ ಬೆಳೆಯುತ್ತಿತ್ತು. ಅದರ ಬೀಜ ಹಿಟ್ಟಿಗೆ ಸೇರಿ ಒಂದೊಂದು ಮನೆಯಲ್ಲಿ ಹಲವರ ಕಿಡ್ನಿ ಹೋಯಿತು. ದಿನಾ ತಿನ್ನುವ ಬ್ರೆಡ್ಡಿನ ಮೇಲೆ ಯಾರಿಗೂ ಬಹಳ ಕಾಲ ಅನುಮಾನ ಬರಲಿಲ್ಲ.

ಅದೇ ಆಸಿಡ್ ಇರುವ ಗುವಾನ್ ಮು ತೋಂಗ್ ಎಂಬ ಇನ್ನೊಂದು ಮೂಲಿಕೆಯನ್ನು 2003ರಲ್ಲಿ, ಗುವಾಂಗ್ ಫಾಂಗ್ ಜಿಯನ್ನು 2004ರಲ್ಲಿ ಚೀನಾವೇ ನಿಷೇಧಿಸಿತು. ಕಷಾಯ ಕುದಿಸಿದರೆ ವಿಷ ಹೋಗುತ್ತದೆ ಅನ್ನುವುದೂ ಸುಳ್ಳು. ಈಗಾಗಲೇ ನುಂಗಿದ್ದರೆ ನಿಲ್ಲಿಸಿ. ಡಬ್ಬಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಎಷ್ಟು ದಿನ ತಗೊಂಡಿರಿ ಎಂದು ಹೇಳಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆ) ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಮುಂದೆ ಯಾವತ್ತೇ ಮೂತ್ರದಲ್ಲಿ ರಕ್ತ ಕಂಡರೂ ಈ ಮಾತ್ರೆಯ ವಿಷಯ ಮತ್ತೆ ಹೇಳಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಈಶ್ವರಿ ಬಳ್ಳಿಯೂ ಇದೇ ಕುಲದ್ದು, ಅದೇ ಆಸಿಡ್ ಅದರಲ್ಲೂ ಇದೆ. ಹಾವು ಕಡಿದರೆ ಅದರ ಬೇರು ಅರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಹಾಗಂತ ಬಳ್ಳಿಯನ್ನು ಕಿತ್ತು ಹಾಕಲೂ ಬೇಡಿ. ನಮ್ಮ ರಾಜ್ಯ ಚಿಟ್ಟೆ, ಕಪ್ಪು ಹಳದಿಯ ದೊಡ್ಡ ರೆಕ್ಕೆಯದು, ಮೊಟ್ಟೆ ಇಡುವುದು ಇದರ ಮೇಲೆ ಮತ್ತು ಇದರ ನೆಂಟ ಗಿಡಗಳ ಮೇಲೆ. ಮರಿಹುಳು ಆ ಎಲೆ ಮೇಯ್ದು ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಹಕ್ಕಿಗಳು ಅದರ ತಂಟೆಗೆ ಬರುವುದಿಲ್ಲ.