ಮಲಗಿದ ಮಕ್ಕಳ ಕಿವಿಗೆ ಪಾಠ ಹಾಕಬೇಡಿ

ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಒಂದೇ ದೂರು ಬರುತ್ತದೆ. "ಎಂಟು ಗಂಟೆ ಮಲಗ್ತಾನೆ ಡಾಕ್ಟ್ರೇ, ಆದ್ರೂ ಕ್ಲಾಸಲ್ಲಿ ತೂಕಡಿಸ್ತಾನೆ." ಸ್ವಲ್ಪ ಕೆದಕಿದರೆ ಗೊತ್ತಾಗುತ್ತದೆ: ರಾತ್ರಿಯಿಡೀ ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಬಯಾಲಜಿ ಪಾಠ. ನಿದ್ದೆಯಲ್ಲಿ ಸದ್ದು ಕೇಳಿಸಿದರೆ ನೆನಪು ಹೆಚ್ಚುತ್ತದೆ ಅಂತ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿರುತ್ತಾರೆ.

ಅದು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಗಾಢ ನಿದ್ದೆಯಲ್ಲಿ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗಿ, ಸೆಕೆಂಡಿಗೆ ಒಂದಕ್ಕೂ ಕಡಿಮೆ, ಏರಿಳಿಯುತ್ತವೆ. 2013ರಲ್ಲಿ ಜರ್ಮನಿಯ ಸಂಶೋಧಕರು 11 ಜನರ ತಲೆಗೆ ಈ ಅಲೆಗಳನ್ನು ಅಳೆಯುವ ಇಇಜಿ ತಂತಿ ಅಂಟಿಸಿ, ಅಲೆ ಏರುವ ಹೊತ್ತಿಗೆ ಸರಿಯಾಗಿ ಚಿಕ್ಕ ಸದ್ದು ಕೇಳಿಸಿದರು. ಅಲೆಗೆ ಬಲ ಬಂತು. ಮಲಗುವ ಮುಂಚೆ ಕಲಿತಿದ್ದ ಪದಜೋಡಿಗಳು ಬೆಳಿಗ್ಗೆ ಜಾಸ್ತಿ ನೆನಪಿದ್ದವು. ಹೊತ್ತು ತಪ್ಪಿಸಿ ಹಾಕಿದ ಸದ್ದಿನಿಂದ ಲಾಭ ಆಗಲಿಲ್ಲ.

ಆ ಸದ್ದಿನಲ್ಲಿ ಪಾಠ ಇರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಪೋಷಕರ ತಲೆಗೆ ಇಳಿಯುವುದಿಲ್ಲ. ಕಣ್ಣುಮಿಟುಕುವಷ್ಟೂ ಹೊತ್ತಿಲ್ಲದ 'ಶ್' ಅನ್ನುವ ಸದ್ದು, ಅಷ್ಟೇ. ಜೋಕಾಲಿಯನ್ನು ಯಾವಾಗ ತಳ್ಳುತ್ತೀರಿ ಅನ್ನುವುದು ಮುಖ್ಯ ಅಲ್ವಾ? ಇದೂ ಹಾಗೇ. ನಿಮ್ಮ ಫೋನಿಗೆ ಮಗುವಿನ ಮಿದುಳಿನ ಅಲೆ ಕಾಣುವುದಿಲ್ಲ, ಅದು ಸುಮ್ನೆ ಮಾತಾಡುತ್ತಲೇ ಇರುತ್ತದೆ.

2009ರ ಅಮೆರಿಕದ ಪ್ರಯೋಗದಲ್ಲಿ ಬೆಕ್ಕಿನ ಚಿತ್ರಕ್ಕೆ ಮಿಯಾಂವ್ ಅನ್ನುವ ಹಾಗೆ ಒಂದೊಂದು ಚಿತ್ರಕ್ಕೆ ಒಂದೊಂದು ಸದ್ದು ಜೋಡಿಸಿ, ಪರದೆ ಮೇಲೆ ಅದರ ಜಾಗ ಕಲಿಸಿದ್ದರು. ನಿದ್ದೆಯಲ್ಲಿ ಯಾವ ಸದ್ದು ಕೇಳಿಸಿದರೋ ಆ ಚಿತ್ರದ ಜಾಗ ಹೆಚ್ಚು ಸರಿಯಾಗಿ ನೆನಪಾಯಿತು. ಅಲ್ಲೂ ಕಲಿತದ್ದು ಎಚ್ಚರದಲ್ಲಿ. ಓದದೇ ಇದ್ದ ಪಾಠವನ್ನು ನಿದ್ದೆ ಗಟ್ಟಿ ಮಾಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು ಕೇಳಿದರು, "ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಗಳು ಚೆನ್ನಾಗಿ ಮಲಗ್ತಾಳೆ, ಅದೂ ಇದೇನಾ?" ಒಳ್ಳೆಯ ಪ್ರಶ್ನೆ. ಒಂದೇ ಸಮ ಸುರಿಯುವ ಮಳೆ ಬೇರೆ ಸದ್ದುಗಳನ್ನು ಮುಚ್ಚುತ್ತದೆ, ಕೆಲವರಿಗೆ ಅದರಿಂದ ನಿದ್ದೆ ಸಲೀಸು. ಆದರೆ ಅದು ಯಾರ ಅಲೆಗೂ ತಾಳ ಹಾಕುವುದಿಲ್ಲ.

ಪ್ರಯೋಗಾಲಯದಲ್ಲೂ ಎಲ್ಲರಿಗೂ ಲಾಭ ಸಿಕ್ಕಿಲ್ಲ. ಅಲೆ ಬಲವಾದರೂ ನೆನಪು ಸುಧಾರಿಸದ ಅಧ್ಯಯನಗಳಿವೆ. ಹಾಗಾಗಿ ಇದಕ್ಕೆಂದೇ ಮಾರುವ ಹೆಡ್‌ಬ್ಯಾಂಡ್ ಕೊಳ್ಳಿ ಅಂತಲೂ ನಾನು ಹೇಳಲಾರೆ.

ಗಾಢ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲ ಭಾಗದಲ್ಲಿ. ನೀವು ಪಾಠ ಹಾಕಿ ಕೆಡಿಸುವುದೂ ಅದನ್ನೇ. ಹದಿನೈದು ದಿನ ಇಯರ್‌ಫೋನ್ ತೆಗೆದಿಡಿ. ಆಮೇಲೂ ತೂಕಡಿಸಿದರೆ, ಅಥವಾ ಗೊರಕೆ ಇದ್ದರೆ, ಮಗುವನ್ನು ಕರೆದುಕೊಂಡು ಬನ್ನಿ.