ಪಟ್ಟಿ ಹಾಕಿದಲ್ಲೇ ಮತ್ತೆ ಯಾಕೆ ಬಿಡುತ್ತದೆ?

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ದಾವಣಗೆರೆಯ ವೆಲ್ಡಿಂಗ್ ಅಂಗಡಿಗಳ ಮುಂದೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಬಂದು ನಿಲ್ಲುತ್ತವೆ. "ಇನ್ನೊಂದು ಪಟ್ಟಿ ಹಾಕಿ ಗಟ್ಟಿ ಮಾಡಣ್ಣ" ಅನ್ನುತ್ತಾರೆ ರೈತರು. ಮುಂದಿನ ಸುಗ್ಗಿಗೆ ಆ ಪಟ್ಟಿಯ ತುದಿಯಲ್ಲೇ ಬಿರುಕು. ಬೈಗುಳ ಮಾತ್ರ ವೆಲ್ಡರ್‌ಗೆ. ಇದು ಅನ್ಯಾಯ.

ಒಂದೇ ಸಲದ ಭಾರಕ್ಕೆ ಜಗ್ಗದ ಉಕ್ಕು, ಅದಕ್ಕಿಂತ ಕಡಿಮೆ ಭಾರ ಲಕ್ಷಾಂತರ ಸಲ ಏರಿ ಇಳಿದರೆ ಸೀಳುತ್ತದೆ. ಇದು ಲೋಹದ ದಣಿವು. ವೆಲ್ಡ್ ಮುಗಿದು ಪ್ಲೇಟು ಶುರುವಾಗುವ ಅಂಚಿನಲ್ಲಿ ಒತ್ತಡ ಗುಂಪುಗೂಡುತ್ತದೆ. ಕಾದ ಲೋಹ ಆರುವಾಗ ಕುಗ್ಗಿ, ಅಲ್ಲಿ ಮೊದಲೇ ಬಿಗಿ ಎಳೆತವನ್ನು ಉಳಿಸಿರುತ್ತದೆ. ಹಾಗಾಗಿ ಎಂಜಿನಿಯರ್‌ಗಳು ಮುಖ್ಯವಾಗಿ ನೋಡುವುದು ಒತ್ತಡದ ಏರಿಳಿತವನ್ನು. ದುಬಾರಿ ಗಟ್ಟಿ ಉಕ್ಕು ತಂದರೂ ಈ ಅಂಚಿನ ಆಯುಸ್ಸು ಹೆಚ್ಚುವುದಿಲ್ಲ.

ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆ ಪ್ರತಿ ಬಗೆಯ ಜೋಡಣೆಗೂ ಒಂದು ದರ್ಜೆ ಕೊಟ್ಟಿದೆ. ಅಡ್ಡಪಟ್ಟಿ ಬೆಸೆದ ಪ್ಲೇಟಿಗೆ ಸಾಮಾನ್ಯವಾಗಿ 80. ಅಂದರೆ 80 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಏರಿಳಿತವನ್ನು ಅದು 20 ಲಕ್ಷ ಸಲ ತಾಳಬೇಕು. ಏರಿಳಿತ ಇಮ್ಮಡಿಯಾದರೆ ಆಯುಸ್ಸು ಎಂಟನೇ ಒಂದು ಪಾಲಿಗೆ, 2.5 ಲಕ್ಷಕ್ಕೆ ಕುಸಿಯುತ್ತದೆ. ಹೆಚ್ಚು ಹೇರಿದ ಲೋಡಿನ ನಿಜವಾದ ಬೆಲೆ ಇದು.

ಜೋಡಣೆಯ ಆಕಾರ ಜಟಿಲವಾದರೆ ಅಂಚಿನ ಒತ್ತಡ ತಿಳಿಯಲು ಬೇರೆ ದಾರಿ. 10 ಮಿಲಿಮೀಟರ್ ದಪ್ಪದ ಪ್ಲೇಟಿನಲ್ಲಿ ವೆಲ್ಡ್ ಅಂಚಿನಿಂದ 4 ಮತ್ತು 10 ಮಿಲಿಮೀಟರ್ ದೂರದ ಒತ್ತಡಗಳನ್ನು ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತೆಂದು ಅಳೆಯುವ ಪುಟ್ಟ ಸಾಧನ) ಅಂಟಿಸಿ ಅಥವಾ ಕಂಪ್ಯೂಟರ್ ಲೆಕ್ಕದಿಂದ ಪಡೆಯುತ್ತಾರೆ. ಆ ಎರಡು ಬಿಂದುಗಳ ಮೂಲಕ ಗೆರೆ ಎಳೆದು ಅಂಚಿನವರೆಗೆ ಚಾಚುತ್ತಾರೆ. ಅಂಚನ್ನೇ ನೇರವಾಗಿ ಅಳೆಯಲು ಹೋದರೆ ವೆಲ್ಡಿನ ಚಿಕ್ಕ ಉಬ್ಬುತಗ್ಗುಗಳು ಲೆಕ್ಕವನ್ನೇ ಕೆಡಿಸುತ್ತವೆ. ಈ ಉಪಾಯ ನನಗೆ ಬಹಳ ಇಷ್ಟ.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೂ ಇದೇ ಲೆಕ್ಕ. ಮೂರು ರೆಕ್ಕೆಯ ಯಂತ್ರ ನಿಮಿಷಕ್ಕೆ 15 ಸುತ್ತು ತಿರುಗಿದರೆ ರೆಕ್ಕೆಗಳು ಕಂಬವನ್ನು 45 ಸಲ ದಾಟುತ್ತವೆ, ಪ್ರತಿ ಸಲವೂ ಒತ್ತಡ ಏರಿ ಇಳಿಯುತ್ತದೆ. ತಿಂಗಳಿಗೆ ಸುಮಾರು 20 ಲಕ್ಷ! ಈ ದಣಿವನ್ನು ಕಡೆಗಣಿಸಿದರೆ ಏನಾದೀತು? 1980ರಲ್ಲಿ ಉತ್ತರ ಸಮುದ್ರದಲ್ಲಿ ತೈಲ ಕೆಲಸಗಾರರು ತಂಗಿದ್ದ ಅಲೆಕ್ಸಾಂಡರ್ ಕೀಲಾಂಡ್ ತೇಲುವೇದಿಕೆ ಮಗುಚಿ 123 ಜನ ಸತ್ತರು. ಬಿರುಕು ಹುಟ್ಟಿದ್ದು ಸಣ್ಣದೊಂದು ಉಪಕರಣವನ್ನು ಹಿಡಿದಿಡುವ ಆಸರೆಯನ್ನು ಬೆಸೆದ 6 ಮಿಲಿಮೀಟರ್ ವೆಲ್ಡಿನಲ್ಲಿ.

ಅಡ್ಡಪಟ್ಟಿಯ ಅಂಚನ್ನು ಗ್ರೈಂಡರ್‌ನಿಂದ ಸರಿಯಾಗಿ ನುಣುಪು ಮಾಡಿದರೆ ದರ್ಜೆ 80ರಿಂದ 100ಕ್ಕೆ ಏರುತ್ತದೆ. ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿ. ಈ ಸಲ ಲೋಡು ಹೇರುವ ಮುನ್ನ ವೆಲ್ಡಿನ ಅಂಚುಗುಂಟ ಒಮ್ಮೆ ಕಣ್ಣಾಡಿಸಿ. ಬಣ್ಣ ಸೀಳಿ ತುಕ್ಕಿನ ಕೂದಲೆಳೆ ಕಂಡರೆ ಮೇಲೆ ಪಟ್ಟಿ ಹಾಕಿಸಬೇಡಿ. ಬಿರುಕನ್ನು ಬುಡದವರೆಗೆ ಉಜ್ಜಿ ತೆಗೆಸಿ, ಆಮೇಲೆ ರಾಡು ಹಿಡಿಸಿ.